ಅಮೀನಗಡದ ಶನಿವಾರ ಸಂತೆಯಲ್ಲಿ ಅಜ-ಮಾನುಷ ಸಂಕಥನದ ಬಹುಮುಖಿ ನೆಲೆಗಳು: ಒಂದು ಪ್ರಾಸ್ತಾವಿಕ ಅಧ್ಯಯನ

ವಾರಾವರ್ತಿ, ತಾತ್ಕಾಲಿಕ, ವಿನಿಮಯಕೇಂದ್ರಿತ ಜನಸಮುಚ್ಚಯವೊಂದಕ್ಕೆ (ಇನ್ನು ಮುಂದೆ 'ಸಂತೆ') ಅಂತರಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲಿ ಶನಿವಾರ ಕುರಿ ಸಂತೆ ಕೂಡುತ್ತದೆಂದು ಆ ಸೀಮೆಯ ಕುರಿಗಾರರಿಗೆಲ್ಲ ಗೊತ್ತು. ಆದರೆ ಬರೇ ಗೊತ್ತಿದ್ದರೆ ಅದು ಜ್ಞಾನವಲ್ಲ, ಅಡಿಟಿಪ್ಪಣಿ ಬೀಳಬೇಕು.

ಸಂತೆಯ ಭಾಗಿಗಳನ್ನು ಐದು ಪ್ರವರ್ಗಗಳಾಗಿ ವಿಂಗಡಿಸಲಾಗಿದೆ.

ಒಂದು: ಚತುಷ್ಪಾದ ವಿನಿಮೇಯ ಘಟಕ, ಅರ್ಥಾತ್ ಕುರಿ, ಆಡು, ಟಗರು. ನೀನು ಕೆಂಗುರಿಯೋ ಯಳಗವೋ ಎಂಬ ಅನನ್ಯತೆಯ ಪ್ರಶ್ನೆಗೆ ಘಟಕವು 'ಬ್ಯಾ' ಎಂಬ ಬಹುಧ್ವನ್ಯಾತ್ಮಕ ಉತ್ತರ ಕೊಟ್ಟಿತು. ಅದರ ಕಾಲಪ್ರಜ್ಞೆಯನ್ನು ದಂತಪಠ್ಯದಲ್ಲಿ ಓದಬೇಕು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಎಂಟಾದರೆ ಬಾಯಿಗೂಡಿತು.

ಎರಡು: ಮಧ್ಯಸ್ಥ ಕರ್ತೃ, ಎಂದರೆ ದಲ್ಲಾಳಿ. ಹಳೆಯ ರೂಢಿಯವನಾದರೆ ಟವೆಲ್ಲಿನ ಮರೆಯಲ್ಲಿ ಬೆರಳು ಅದುಮಿ ದರ ಹೇಳುತ್ತಾನೆ. ಇದೇ ಸ್ಪರ್ಶಾಧಾರಿತ ಅವಾಚ್ಯ ಸಂಕಥನ. (ಬೈಗುಳವಲ್ಲ, ಅದು ವ್ಯಾಪಾರ ಮುರಿದ ಮೇಲೆ.) ಪಕ್ಕದವನಿಗೆ ದರ ತಿಳಿಯಬಾರದು, ಇರುವುದು ಇಷ್ಟೇ. ಇಷ್ಟನ್ನು ಇಪ್ಪತ್ತು ಪುಟಕ್ಕೆ ಎಳೆಯದಿದ್ದರೆ ಪದವಿ ದಕ್ಕದು.

ಮೂರರಿಂದ ಐದು: ಉಳಿದವರು.

ಚಾರಿತ್ರಿಕತೆಗೆ ಬಂದರೆ, ಸಂತೆಯ ಮಗ್ಗುಲಲ್ಲೇ ಐಹೊಳೆ. ಅಲ್ಲಿಯ ಹೆಸರು ಹೊತ್ತ ಐನೂರ್ವರು ದಕ್ಷಿಣ ಭಾರತದುದ್ದಕ್ಕೂ, ಕಡಲಾಚೆಗೂ ವ್ಯಾಪಾರ ಹಬ್ಬಿಸಿದ ವರ್ತಕ ಸಂಘ. ಅವರ ಶಾಸನಗಳ ಬಿರುದಾವಳಿ ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ, ನಿಜ. ಆದರೆ ದತ್ತಿಯ ಮಾತು ಬಂದಾಗ ಅಂಥ ಶಾಸನಗಳು ಹೇರಿಗೆಷ್ಟು ಅಡಕೆ, ಎಷ್ಟು ಎಲೆ ಎಂದು ಲೆಕ್ಕ ಹೇಳುತ್ತವೆ. ನಮ್ಮ ವಿದ್ವಾಂಸರು ಬಿರುದಾವಳಿಯನ್ನಷ್ಟೇ ಉಳಿಸಿಕೊಂಡರು.

ಒಂದು ವಿಚಾರ ಸಂಕಿರಣದಲ್ಲಿ 'ಸಂತೆ: ಸ್ತ್ರೀ ಸಬಲೀಕರಣದ ಪರ್ಯಾಯ ಅವಕಾಶ' ಎಂದು ಮುಕ್ಕಾಲು ಗಂಟೆ ಓದಿದ್ದನ್ನು ಕೇಳಿದ್ದೇನೆ. ನಮ್ಮ ಎಷ್ಟೋ ಸಂತೆಗಳಲ್ಲಿ ಬಿಸಿಲಿಗೆ ಕೂತು ಸೊಪ್ಪು ಮಾರುವ ಹೆಂಗಸರು ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲದೆ ಅಲ್ಲ, ಕುಡಿದರೆ ಆಮೇಲೆ ಹೋಗಲು ಮರೆ ಇಲ್ಲ. ಸುಂಕದ ಚೀಟಿ ಹರಿಯುವವನು ಮಾತ್ರ ಒಂದು ವಾರವೂ ತಪ್ಪಿಸುವುದಿಲ್ಲ. ಆ ವಸೂಲಿಯ ಹಕ್ಕನ್ನು ಹರಾಜು ಹಾಕಿ ಬಂದ ದುಡ್ಡಿನಲ್ಲಿ ನಾಲ್ಕು ತಗಡಿನ ನೆರಳು, ಎರಡು ಪಾಯಿಖಾನೆ ಆಗುವುದಿಲ್ಲವೇ?

ಕೇಳಿದೆ. ಅಧ್ಯಕ್ಷರು ಗಡಿಯಾರ ನೋಡಿ, ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಅಂಥ ವ್ಯಾಪ್ತಿಗಿಷ್ಟು ಬೆಂಕಿ ಹಾಕ!