‘ನನ್ನ ಮುಖದ ಮೇಲೆ ಬ್ಯಾಟರಿ, ನನ್ನ ದೂರು ಡೈನಮೋ ಮೇಲೆ’

ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಆಚೆಗೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಶೀಟಿನ ನೆರಳಲ್ಲಿ ಹಳೆಯ ಪೆಟ್ರೋಲ್ ಕಾರೊಂದು ನಿಂತಿದೆ. ಬಂಪರಿನಲ್ಲಿ ಆಯುಧಪೂಜೆಯ ನಿಂಬೆಹಣ್ಣು ಒಣಗಿದೆ. ಮೀಟರಿನ ಗಾಜಿಗೆ ದೇವರ ಸ್ಟಿಕರ್ ಅಂಟಿಸಿದ್ದಾರೆ, ಅದೂ ಸರಿಯಾಗಿ ಒಂದು ಕೆಂಪು ದೀಪದ ಮೇಲೆ. ಪತ್ರಿಕೆಯ ಪ್ರತಿನಿಧಿ ಸ್ಟಿಕರಿಗೆ ಕೈಮುಗಿದು, ಅದರ ಅಂಚನ್ನು ಮೆಲ್ಲಗೆ ಎತ್ತಿ, ಕೀಲಿ ತಿರುಗಿಸಿದರು. ದೀಪ ಹೊತ್ತಿಕೊಂಡಿತು.

ಪ್ರತಿನಿಧಿ: ನಮಸ್ಕಾರ. ನೀವು ಹೊತ್ತಿಕೊಂಡಿರಿ ಎಂದರೆ ಏನೋ ಕೆಟ್ಟಿದೆ ಅಂತಲ್ಲವೇ?

ದೀಪ: ಇದು ಬರೀ ಹಾಜರಿ. ಕೀಲಿ ತಿರುಗಿಸಿದಾಗ ಹೊತ್ತಬೇಕು, ಎಂಜಿನ್ ಶುರುವಾದ ಕೂಡಲೇ ಆರಬೇಕು. ಕೀಲಿ ತಿರುಗಿಸಿದರೂ ನಾನು ಕಾಣದಿದ್ದರೆ ಆಗ ಚಿಂತೆ ಮಾಡಿ. ಇಂಥ ಹಳೆಯ ಗಾಡಿಗಳಲ್ಲಿ ಡೈನಮೋವನ್ನು ಎಬ್ಬಿಸುವ ಮೊದಲ ಕರೆಂಟು ಹರಿಯುವುದೇ ನನ್ನ ಮೂಲಕ. ಬಲ್ಬು ಹೋದರೆ ಡೈನಮೋ ಏಳದೆಯೂ ಇರಬಹುದು. ಹೊಸ ಗಾಡಿಗಳಲ್ಲಿ ನನ್ನನ್ನು ಹೊತ್ತಿಸುವುದು ಕಂಪ್ಯೂಟರು.

ಪ್ರತಿನಿಧಿ: ಮಾಲೀಕರು ಬ್ಯಾಟರಿ ಹೋಯಿತು ಅನ್ನುತ್ತಿದ್ದಾರೆ.

ದೀಪ: ಹೊಸದನ್ನು ತರಲು ಆಟೋ ಹತ್ತಿ ಹೋಗಿಯೂ ಆಯಿತು! ಪಂಪ್ ಸುಟ್ಟಿದೆ ಎಂದರೆ ಛಾವಣಿಯ ಮೇಲಿನ ನೀರಿನ ಟ್ಯಾಂಕ್ ಬದಲಿಸುವ ಜನ ಇವರು. ಬ್ಯಾಟರಿಯ ಕೆಲಸ ಸೆಲ್ಫ್ ಹೊಡೆಯುವುದು. ಆಮೇಲೆ ಗಾಡಿಗೆ ಬೇಕಾದ ಕರೆಂಟು ಕೊಟ್ಟು ಬ್ಯಾಟರಿಯನ್ನೂ ತುಂಬಿಸುವುದು ಡೈನಮೋ. ಕಂಪನಿಯ ಪುಸ್ತಕ ಅದನ್ನು ಆಲ್ಟರ್ನೇಟರ್ ಅನ್ನುತ್ತದೆ. ಅದನ್ನು ತಿರುಗಿಸುವುದು ಫ್ಯಾನ್ ಬೆಲ್ಟ್. ನನ್ನ ಒಂದು ತುದಿ ಬ್ಯಾಟರಿಯ ಕಡೆ, ಇನ್ನೊಂದು ಡೈನಮೋ ಕಡೆ. ಎರಡೂ ಕಡೆ ವೋಲ್ಟೇಜ್ ಸಮವಾದರೆ ಆರುತ್ತೇನೆ. ಡೈನಮೋ ಕಡೆ ಬಿದ್ದರೆ ಹೊತ್ತುತ್ತೇನೆ.

ಪ್ರತಿನಿಧಿ: ಹಾಗಾದರೆ ಮುಖದ ಮೇಲೆ ಬ್ಯಾಟರಿಯ ಚಿತ್ರವೇಕೆ?

ದೀಪ: ಅದನ್ನು ಬರೆದವನನ್ನು ಕೇಳಿ. ಆ ಚಿತ್ರದಿಂದ ನನಗಾದ ಅವಮಾನ ಅಷ್ಟಿಷ್ಟಲ್ಲ. 2020ರ ಲಾಕ್‌ಡೌನ್‌ನಲ್ಲಿ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಿಂತ ಗಾಡಿಗಳ ಬ್ಯಾಟರಿ ನಿಂತಲ್ಲೇ ಬರಿದಾಯಿತು. ‘ಈ ದೀಪ ಮೊದಲೇ ಹೇಳಬಾರದಿತ್ತೇ’ ಎಂದು ಬೈದರು. ನಿಂತ ಗಾಡಿಯಲ್ಲಿ ನನಗೆ ಮಾತೇ ಇಲ್ಲ, ಸ್ವಾಮಿ!

ಅಷ್ಟರಲ್ಲಿ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ಬಂದರು. ಎಂಜಿನ್ ನಿಂತಿದ್ದಾಗ ಬ್ಯಾಟರಿಯಲ್ಲಿ 12.4 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ. ಎಂಜಿನ್ ಶುರು ಮಾಡಿದರು. 13.8ರಿಂದ 14.5ರ ನಡುವೆ ಏರಬೇಕಿದ್ದ ಅಂಕಿ 12.1ಕ್ಕೆ ಇಳಿಯಿತು. ದೀಪ ಆರಲಿಲ್ಲ.

ದೀಪ: ನೋಡಿದಿರಾ? ನನ್ನ ಮಾತಿಗೆ ಬೆಲೆಯಿಲ್ಲ, ಮೀಟರ್ ಹೇಳಿದರೆ ಉಂಟು. ಈಗ ಅಗ್ಗದಿಂದ ದುಬಾರಿಗೆ ಹೋಗಬೇಕು. ಮೊದಲು ಎಂಜಿನ್ ಆರಿಸಿ ಬೆಲ್ಟ್ ನೋಡಲಿ: ಸಡಿಲವೇ, ಬಿರುಕು ಬಿಟ್ಟಿದೆಯೇ, ಮಳೆಯಲ್ಲಿ ಕೀಚ್ ಅನ್ನುತ್ತದೆಯೇ. ಆಮೇಲೆ ಟರ್ಮಿನಲ್‌ಗಳ ಮೇಲೆ ಬಿಳಿ, ಹಸಿರು ಪುಡಿ ಕೂತಿದೆಯೇ. ಅರ್ತ್ ಕೇಬಲ್ ಬಿಗಿಯಾಗಿದೆಯೇ. ಡೈನಮೋ ಹಿಂದಿನ ವೈರನ್ನು ಇಲಿ ಕಡಿದಿದೆಯೇ, ಫ್ಯೂಸ್ ಸರಿಯಿದೆಯೇ. ಇವೆಲ್ಲ ಸರಿಯಿದ್ದರೆ ಮಾತ್ರ ಡೈನಮೋ ಬಿಚ್ಚಿ ಕಾರ್ಬನ್ ಬ್ರಷ್, ರೆಗ್ಯುಲೇಟರ್, ಡಯೋಡ್ ನೋಡುವುದು.

ಪ್ರತಿನಿಧಿ: ಎಂಜಿನ್ ಓಡುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಪರೀಕ್ಷಿಸುವವರೂ ಇದ್ದಾರಲ್ಲ?

ದೀಪ: ಅವರ ಹೆಸರೆತ್ತಬೇಡಿ! ಕಂಪ್ಯೂಟರ್ ಇಲ್ಲದ ಕಾಲದ ಗಾಡಿ ಅದನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಈಗ ಹಾಗೆ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು, ಅಂದರೆ ಗಾಡಿಯ ಕಂಪ್ಯೂಟರೇ, ಸುಡಬಹುದು. ಕಾಸಿನ ತೊಂದರೆ ಹುಡುಕಲು ಹೋಗಿ ಸಾವಿರಗಳ ತೊಂದರೆ ತಂದುಕೊಂಡಂತೆ.

ಪ್ರತಿನಿಧಿ: ರಾತ್ರಿ, ಶಿರಾಡಿ ಘಾಟಿಯ ನಡುವೆ ನೀವು ಹೊತ್ತಿಕೊಂಡರೆ?

ದೀಪ: ಮೊದಲು ಉಷ್ಣತೆಯ ಮುಳ್ಳು ನೋಡಿ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಬೆಲ್ಟ್ ಹರಿದು ಮುಳ್ಳು ಏರುತ್ತಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿಬಿಡಿ. ಏರದಿದ್ದರೆ ಎಸಿ, ಹಾಡು, ಫೋನ್ ಚಾರ್ಜರ್ ಎಲ್ಲ ಆರಿಸಿ ಹತ್ತಿರದ ಊರು ಸೇರಿ. ಹೆಡ್‌ಲೈಟ್ ಮಾತ್ರ ಆರಿಸಬೇಡಿ. ಕಾಫಿಗೆಂದು ಎಂಜಿನ್ ನಿಲ್ಲಿಸಿದರೆ ಮತ್ತೆ ಸೆಲ್ಫ್ ಹೊಡೆಯಲಿಕ್ಕಿಲ್ಲ. 35 ಆಂಪಿಯರ್-ಅವರ್ ಬ್ಯಾಟರಿ, 25 ಆಂಪಿಯರ್ ಖರ್ಚು. ಕಾಗದದ ಮೇಲೆ 1 ಗಂಟೆ 24 ನಿಮಿಷ. ಘಾಟಿಯಲ್ಲಿ ಅಷ್ಟು ಸಿಗುವುದಿಲ್ಲ. ಗಾಡಿಯಲ್ಲಿರುವ ಮಾವನವರು ‘ಏನಾಗಲ್ಲ, ನಡಿಯಪ್ಪ’ ಅನ್ನುತ್ತಾರೆ. ಪೆಟ್ರೋಲ್ ಪಂಪಿಗೂ ಪ್ಲಗ್ಗಿಗೂ ಕರೆಂಟು ಸಾಲದಾದಾಗ ಗಾಡಿ ತಳ್ಳಲು ಅವರು ಇಳಿಯುವುದಿಲ್ಲ.

ಪ್ರತಿನಿಧಿ: ವಿದ್ಯುತ್ ಕಾರುಗಳು ಬಂದ ಮೇಲೆ ನಿಮ್ಮ ನೌಕರಿ?

ದೀಪ: ಡೈನಮೋ ಮನೆಗೆ ಹೋಯಿತು, ನಿಜ. ಆದರೆ ಆ ದೊಡ್ಡ ಬ್ಯಾಟರಿಯ ಜೊತೆ ಹೆಚ್ಚಿನ ಕಾರುಗಳಲ್ಲಿ 12 ವೋಲ್ಟಿನ ಚಿಕ್ಕದೊಂದು ಇದ್ದೇ ಇದೆ. ಅದು ಮಲಗಿದರೆ ಲಕ್ಷಗಟ್ಟಲೆ ಬೆಲೆಯ ಗಾಡಿಯೂ ಏಳುವುದಿಲ್ಲ. ಅದನ್ನು ತುಂಬಿಸುವ ಕನ್ವರ್ಟರ್ ಮೇಲೆ ಕಣ್ಣಿಡಲು ಒಬ್ಬರು ಬೇಡವೇ? ನನ್ನ ಅರ್ಜಿ ಆಗಲೇ...

ಮೆಕ್ಯಾನಿಕ್ ಕೀಲಿ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿದ್ದರಿಂದ ಸಂದರ್ಶನ ಅಲ್ಲಿಗೇ ಮುಗಿಯಿತು. ಬೆಲ್ಟ್, ವೈರ್, ಟರ್ಮಿನಲ್ ಎಲ್ಲ ಸರಿಯಿದ್ದವು. ಡೈನಮೋ ಬಿಚ್ಚಿದಾಗ ಸಿಕ್ಕಿದ್ದು ಸವೆದು ಮೊಟಕಾದ ಎರಡು ಕಾರ್ಬನ್ ಬ್ರಷ್.

ಮಾಲೀಕರು ಹೊಸ ಬ್ಯಾಟರಿಯೊಂದಿಗೆ ಆಟೋದಿಂದ ಇಳಿದರು.

“ಸಾರ್, ನಿಮ್ಮ ಬ್ಯಾಟರಿ ಚೆನ್ನಾಗಿದೆ. ಚಾರ್ಜಿಗೆ ಹಾಕಿದರೆ ಸಾಕು,” ಎಂದರು ಮೆಕ್ಯಾನಿಕ್.

“ಹಾಗಾದ್ರೆ ಇದನ್ನೇನು ಮಾಡ್ಲಿ?”

ಮೆಕ್ಯಾನಿಕ್ ಬಿಲ್ಲು ತೆಗೆದು ನೋಡಲು ಹೇಳಿದರು. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂದು ಅದರ ಕೆಳತುದಿಯಲ್ಲಿ ಕೆಂಪಕ್ಷರದಲ್ಲೇ ಅಚ್ಚಾಗಿತ್ತು.