ತಿರುವಿ ತೋರ್ಸು

ಮಂಗಳೂರಿನವರು ಅಂದರೆ ಸಾಕು, ಇಂಗ್ಲೆಂಡಿನ ಕನ್ನಡಿಗರು ಮೀನಿನ ಮಾತು ತೆಗೆಯುತ್ತಾರೆ. ನಮ್ಮದು ಆ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯದು, ಕುಕನೂರಿನ ಕಡೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರು ನೀರುದೋಸೆಗೆ ಬಂದಿರುತ್ತಾರೆ. ರೆಡಿಂಗಿನ ಯುಗಾದಿ ಊಟದಲ್ಲಿ ಒಬ್ಬರು, "ಸಮುದ್ರ ನಿಮ್ಮ ಮನೆಯಿಂದ ಎಷ್ಟು ದೂರ?" ಎಂದು ಕೇಳಿದಾಗ ನಮ್ಮತ್ತೆ, "ನಮ್ಮಲ್ಲಿ ಕಡಲಿಲ್ರೀ, ಕಡ್ಲಿ ಐತಿ. ಎಲ್ಲಾ ಎರಿ ಹೊಲ" ಎಂದು ಇನ್ನೊಂದು ಸೌಟು ಕೋಸಂಬರಿ ಹಾಕಿಸಿಕೊಂಡರು.

ಅತ್ತೆ ಆರು ತಿಂಗಳ ವೀಸಾದ ಮೇಲೆ ಚಳಿಗಾಲಕ್ಕೇ ಬಂದಿದ್ದರು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಟಿವಿಯಲ್ಲಿ ನಾಲ್ಕು ಮಂದಿ ಅಡುಗೆ ಮಾಡಿ ಅಳುವ ಕಾರ್ಯಕ್ರಮ ನೋಡಿ ಬೇಸತ್ತು, ಊರಿನಲ್ಲಿ ಹುಟ್ಟಿದ ಮರಿಮೊಮ್ಮಗುವಿನ ಕುಂಚಿಗಿಗೆಂದು ಕಸೂತಿ ತೆಗೆದು ಕೂತರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುವುದು, ಸೂಜಿ ಏರಿಸುವುದು. ಗಂಟು ಹಾಕುವಂತಿಲ್ಲ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದಿದ್ದ ನನ್ನ ಗಂಡ ಅರ್ಧ ಗಂಟೆ ಬಿಡದೆ ನೋಡಿ, "ಅವ್ವಾ, ಇದು ಪ್ರೋಗ್ರಾಂ ಐತಿ!" ಎಂದರು. "ಐತೋ ಇಲ್ಲೋ, ಬೆಳಕಿಗೆ ಅಡ್ಡ ಬರಬ್ಯಾಡ" ಎಂದರು ಅವ್ವ.

ಅಷ್ಟಕ್ಕೇ ಇವರಿಗೆ ಕಲಿಯುವ ಹುಮ್ಮಸ್ಸು ಬಂದುಬಿಟ್ಟಿತು. ಅಂಗಡಿಯಿಂದ ಇಂಚಿಗೆ 14 ಚೌಕವಿರುವ ಐಡಾ ಬಟ್ಟೆ, ಫ್ರಾನ್ಸಿನ ಡಿಎಂಸಿ ದಾರ, ರಿಂಗು, ಕುತ್ತಿಗೆಗೆ ತೂಗುಹಾಕುವ ಭೂತಗನ್ನಡಿ, ಎಲ್ಲವೂ ಬಂದವು. ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಬೆಳೆದ ಅತ್ತೆ ಐಡಾ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, "ಇದರಾಗ ಜ್ವಾಳ ತುಂಬ್ತಾರೇನು?" ಎಂದರು.

ಮೊದಲ ಕೆಲಸವಾಗಿ ಒಂದು ತುಳಸಿಕಟ್ಟೆ, ಒಂದು ಗಿಳಿ ಹಾಕುತ್ತಾರೆ ಅಂದುಕೊಂಡಿದ್ದೆ. ಇವರು ಇಟಗಿಯ ಮಹಾದೇವ ದೇವಸ್ಥಾನವನ್ನೇ ಎತ್ತಿಕೊಂಡರು. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ನಮ್ಮ ಊರ ಕಡೆಯದೇ, ಶಿಖರದ ಮೆಟ್ಟಿಲು ಮೆಟ್ಟಿಲಿಗೂ ಅಂಕುಡೊಂಕಾಗಿ ಏರುವ ಮುರಗಿ ಹೊಲಿಗೆ ಹೇಳಿಮಾಡಿಸಿದ ಹಾಗಿದೆ ಎಂದು ವಾದ. "ಆತ ದಂಡನಾಯಕ. ನೀ ಮೊದಲ ಒಂದು ನೆಟ್ಟಗಿನ ಗೆರಿ ಹಾಕು" ಎಂದರು ಅತ್ತೆ.

ಆ ನೆಟ್ಟಗಿನ ಗೆರೆಯಲ್ಲೇ ಇರುವುದು ಇಡೀ ಸಂಕಟ. ಗಾವಂತಿ ಎಂಬ ಆ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಕೊನೆ ಮುಟ್ಟಬೇಕು. ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬಬೇಕು. ಆಗ ಎರಡೂ ಮಗ್ಗುಲು ಒಂದೇ ರೂಪ. ದಾರಿಯಲ್ಲಿ ಕವಲು ಬಂದರೆ ಅದನ್ನೂ ಆ ಓಡಾಟದಲ್ಲೇ ಮುಗಿಸಿಕೊಳ್ಳಬೇಕು. ಮರೆತು ಮುಂದೆ ಹೋದಿರೋ, ಆಮೇಲೆ ಅಲ್ಲಿಗೆ ಹಾರಬೇಕು, ಹಿಂಬದಿಯಲ್ಲಿ ಒಂದು ಉದ್ದನೆಯ ದಾರ ನಿಮ್ಮ ಮರೆವನ್ನು ಊರಿಗೆಲ್ಲ ಸಾರುತ್ತದೆ. ಕಸೂತಿಯ ಇನ್ನೆರಡು ಹೊಲಿಗೆಗಳಾದ ನೇಯ್ಗೆ, ಮೆಂತೆಗಳಲ್ಲಿ ಹಿಂಬದಿಗೆ ಒಂದಿಷ್ಟು ವಿನಾಯಿತಿ ಇದೆ. ಗಾವಂತಿ, ಮುರಗಿಗಳಲ್ಲಿ ಇಲ್ಲ.

ನನ್ನ ಗಂಡ ಸೂಜಿ ಕೆಳಗಿಟ್ಟು ಗಣಿತಕ್ಕೆ ಶರಣಾದರು. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಮುಗಿಸಲಾಗದು ಎಂದು ಲೆಕ್ಕ ಬಿಡಿಸಿದವನು. ಇಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗುವುದರಿಂದ, ಬಿಡಿಬಿಡಿಯಾಗಿರದ ಯಾವ ಚಿತ್ರವನ್ನಾದರೂ ಸೂಜಿ ಎತ್ತದೆ ಸುತ್ತಿ ಮನೆಗೆ ಬರಬಹುದು ಎಂದು ಊಟದ ಮೇಜಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದರು. ಶನಿವಾರವೆಲ್ಲ ಕೂತು, ಸೂಜಿ ಯಾವ ಚೌಕದಿಂದ ಯಾವ ಚೌಕಕ್ಕೆ ಹೋಗಬೇಕೆಂದು ಹೇಳುವ ಪ್ರೋಗ್ರಾಂ ಬರೆದರು. ಅತ್ತೆ ಒಲೆಯ ಮುಂದಿನಿಂದಲೇ, "ಕವಲು ಬಂದ್ರ ಮೊದಲ ಕವಲು ಮುಗಸು, ತಿರಗಿ ಬಾ, ಆಮ್ಯಾಲ ಮುಂದ ಹೋಗು. ಇಷ್ಟಕ್ಕ ಯಾಕಪಾ ಇಡೀ ದಿನ?" ಎಂದರು. ಪ್ರೋಗ್ರಾಂ ಹೇಳಿದ್ದೂ ಅದನ್ನೇ. ಕರೆಂಟು ಮಾತ್ರ ಜಾಸ್ತಿ ಖರ್ಚಾಗಿತ್ತು.

ದಾರಿ ಗೊತ್ತಾದರೂ ಕೈ ಕೇಳಬೇಕಲ್ಲ. ಎಳೆ ಎಣಿಸುವಾಗ ಆಫೀಸಿನ ಫೋನು ಬಂದರೆ ಗೋಪುರ ಒಂದು ಚೌಕ ವಾಲುತ್ತಿತ್ತು. ಬಿಚ್ಚುವುದು, ಮತ್ತೆ ಹಾಕುವುದು. ಮಗಳು ಮಾತ್ರ ಇದರಿಂದ ಖುಷಿಯಾಗಿದ್ದಳು, ಅಪ್ಪ ತಪ್ಪು ಮಾಡುವುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಯಾವ ಮಕ್ಕಳಿಗೆ ಸಿಗುತ್ತದೆ?

ಕೊನೆಗೂ ಶಿಖರ ಎದ್ದಿತು. ವಾಟ್ಸಾಪ್ ವಿಡಿಯೋದಲ್ಲಿ ಮಂಗಳೂರಿನ ದೊಡ್ಡವ್ವನಿಗೆ ಬೆಳಕಿಗೆ ಹಿಡಿದು ತೋರಿಸಿದರು. ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ಒಂದೇ ಮಾತು ಹೇಳಿದರು: "ತಿರುವಿ ತೋರ್ಸು."

"ನೆಟ್‌ವರ್ಕ್ ಸರಿ ಇಲ್ಲ ದೊಡ್ಡವ್ವಾ" ಎಂದರು ಇವರು. ಹಿಂಬದಿಯಲ್ಲಿ ಇಟಗಿ ಇರಲಿಲ್ಲ. ಗಾಳಿಗೆ ಕೆದರಿದ ಜೇಡರ ಬಲೆ ಇತ್ತು. ನೆಟ್‌ವರ್ಕ್ ಸರಿಯಿಲ್ಲ ಅಂದದ್ದಕ್ಕೆ ದೊಡ್ಡವ್ವ, "ನನಗ ನಿನ್ನ ಮಾರಿ ಸ್ವಚ್ಛ ಕಾಣಾಕತ್ತೈತಿ" ಎಂದದ್ದು ಸ್ಪಷ್ಟವಾಗಿ ಕೇಳಿತು.

ಈ ಹೊಲಿಗೆ ಇಂಗ್ಲೆಂಡಿಗೆ ಹೊಸದೇನಲ್ಲ ಅಂತ ಇವರ ಮುಂದಿನ ಸಂಶೋಧನೆ. ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ ಹೋಲ್ಬೈನ್ ರಾಣಿ ಜೇನ್ ಸೀಮೋರ್ ಚಿತ್ರ ಬರೆದಾಗ ಅವಳ ತೋಳಿನ ತುದಿಯ ಕಪ್ಪು ದಾರದ ಕೆಲಸವನ್ನೂ ಬಿಡದೆ ಬರೆದ. ಹಾಗಾಗಿ ನಮ್ಮ ಗಾವಂತಿಗೆ ಇಲ್ಲಿ ಹೋಲ್ಬೈನ್ ಹೊಲಿಗೆ ಅಂತಲೇ ಹೆಸರು. ಹೊಲಿದವಳನ್ನು ಬಿಟ್ಟು ಚಿತ್ರ ಬರೆದವನ ಹೆಸರಿಟ್ಟಿದ್ದಾರೆ, ಆ ಮಾತು ಬೇರೆ.

ಅತ್ತೆ ಊರಿಗೆ ಹೊರಡುವ ಮುಂಚೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರೆದೊಯ್ದೆವು. ಅಲ್ಲಿ ಜೇನ್ ಬಾಸ್ಟಕ್ ಎಂಬಾಕೆ 1598ರಲ್ಲಿ ಹಾಕಿದ ಕಸೂತಿ ಬಟ್ಟೆಯಿದೆ. ಇಸವಿ ನಮೂದಾದ ಬ್ರಿಟಿಷ್ ಕಸೂತಿ ಮಾದರಿಗಳಲ್ಲಿ, ಗೊತ್ತಿರುವ ಮಟ್ಟಿಗೆ, ಅದೇ ಅತ್ಯಂತ ಹಳೆಯದು. ಆಲಿಸ್ ಲೀ ಎಂಬ ಕೂಸು 1596ರ ನವೆಂಬರಿನ ಮಂಗಳವಾರ ಮಧ್ಯಾಹ್ನ ಹುಟ್ಟಿತೆಂದು ದಾರದಲ್ಲೇ ಬರೆದಿದ್ದಾಳೆ. ಅತ್ತೆಗೆ ಆ ಜೇನಮ್ಮ ಬಹಳ ಹಿಡಿಸಿದಳು. ಗಾಜಿಗೆ ಮೂಗು ತಾಗಿಸಿ ಎಳೆ ಎಣಿಸಿದರು, ಬಗ್ಗಿ ಪಕ್ಕದಿಂದ ನೋಡಿದರು, ಆಮೇಲೆ ಮಗನಿಗೆ ಅಲ್ಲಿ ನಿಂತಿದ್ದ ಕಾವಲಿನವರನ್ನು ಕೇಳು ಎಂದರು. ಇವರು ನಾಚುತ್ತ ಕೇಳಿದರು. ಆತ ನಕ್ಕು, ಗಾಜು ತೆರೆಯುವ ಹಾಗಿಲ್ಲ, ಕ್ಷಮಿಸಿ ಎಂದ.

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. "ಹಿಂದ ಗಂಟದಾವು," ಎಂದರು, "ಅದಕ್ಕ ತೋರ್ಸವಲ್ರು."