ಚಿಕೋರಿ ಅಲ್ಲ, ರಾಯರೇ!

ಕೆಂಪು ವೈನಿಗೆ ಒಂಚೂರು ಬಿಳಿ ದ್ರಾಕ್ಷಿ ಸೇರಿಸ್ತಾರೆ ಅಂದದ್ದೇ ತಡ, ಕಾಂಪೌಂಡಿನಾಚೆಯಿಂದ ರಾಯರು ತೀರ್ಪು ಕೊಟ್ಟೇಬಿಟ್ಟರು: ‘ಕಾಫಿಪುಡಿಗೆ ಚಿಕೋರಿ ಹಾಕಿದ ಹಾಗೆ ಅನ್ನಿ!’

ಅಲ್ಲ ರಾಯರೇ. ಚಿಕೋರಿ ಬೆರೆಸೋದು ಕಾಸು ಉಳೀಲಿ ಅಂತ. ಫ್ರಾನ್ಸಿನಲ್ಲಿ ಲಿಯಾನ್ ಪಟ್ಟಣದಿಂದ ದಕ್ಷಿಣಕ್ಕೆ ಹೋದರೆ, ರೋನ್ ನದಿಯ ದಂಡೆಯಲ್ಲಿ ಆಂಪ್ವಿ ಅಂತ ಹಳ್ಳಿ. ಅಲ್ಲಿನ ಕಡಿದಾದ ಗುಡ್ಡದಲ್ಲಿ ಸಿರಾ ದ್ರಾಕ್ಷಿ ಬೆಳೆದು ಕೋತ್ ರೋತಿ ವೈನ್ ಮಾಡ್ತಾರೆ. ಅದಕ್ಕೆ ಸೇರಿಸೋ ಬಿಳಿ ಹಣ್ಣು ವಿಯೊನ್ಯೆ. ಪಕ್ಕದ ಕಾಂದ್ರಿಯೂನಲ್ಲಿ ಬರೀ ಅದರಿಂದಲೇ ತೆಗೆದ ಬಿಳಿ ವೈನು ಒಳ್ಳೇ ಬೆಲೆಗೆ ಹೋಗುತ್ತೆ. ಅಂಥ ಹಣ್ಣನ್ನ ಯಾರಾದರೂ ಕಲಬೆರಕೆಗೆ ಸುರೀತಾರಾ?

ಕಾನೂನಿನ ಪ್ರಕಾರ ಶೇ. 20ರವರೆಗೂ ಹಾಕಬಹುದು. ಬಹಳ ಜನ ಅಷ್ಟು ದೂರ ಹೋಗೋದಿಲ್ಲ. ಗೀಗಾಲ್ ಮನೆತನದ ಹೆಸರಾಂತ ‘ಲಾ ಮೂಲೀನ್’ನಲ್ಲಿ ಇರೋದು ಸುಮಾರು ಶೇ. 11. ಅದೇ ಮನೆಯ ‘ಲಾ ಲಾಂದೋನ್’ನಲ್ಲಿ ಬಿಳಿಯ ಸುಳಿವೇ ಇಲ್ಲ.

ನನಗೆ ಮೋಜೆನಿಸೋದು ಬಣ್ಣದ ಸಂಗತಿ. ಬಿಳಿ ಸೇರಿದರೆ ಕೆಂಪು ತೆಳುವಾಗಬೇಕು ತಾನೇ? ಇಲ್ಲಿ ಉಲ್ಟಾ. ಬಿಳಿ ಹಣ್ಣಿನ ಸಿಪ್ಪೆಯಲ್ಲಿರೋ ಬಣ್ಣವಿಲ್ಲದ ಸತ್ವಗಳು ಸಿರಾದ ಬಣ್ಣದ ಕಣಗಳಿಗೆ ಅಂಟಿಕೊಂಡು ಅವನ್ನ ಹಿಡಿದು ನಿಲ್ಲಿಸ್ತವೆ. ಹದ ಮೀರದಿದ್ದರೆ ಬಣ್ಣ ಇನ್ನಷ್ಟು ಗಾಢ. ಲೋಟವನ್ನ ಬಿಳಿ ಕಾಗದದ ಮೇಲೆ ಓರೆಮಾಡಿ ಹಿಡಿದೆ: ಅಂಚಿನ ತನಕ ನೇರಳೆ. ಮೂಗಿಗೆ ಮೊದಲು ಬಡಿದದ್ದು ಕರಿಮೆಣಸು, ಒಂದಿಷ್ಟು ಹೊಗೆ. ಲೋಟ ಆಡಿಸಿ ಕೂತರೆ ಅದರ ಹಿಂದಿನಿಂದ ಏಪ್ರಿಕಾಟ್, ಯಾವುದೋ ಬಿಳಿ ಹೂವು. ನಾಲಿಗೆಗೆ ಮಾತ್ರ ಅಪ್ಪಟ ಕೆಂಪು ವೈನೇ. ಒಗರು ಕೊಂಚ ನಯ, ಅಷ್ಟೇ.

ರಾಯರದೂ ಪೂರ್ತಿ ತಪ್ಪಲ್ಲ ಅನ್ನಿ. ಇಟಲಿಯ ಕಿಯಾಂತಿಯಲ್ಲಿ 1967ರ ನಿಯಮ ಕೆಂಪಿಗೆ ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಹಾಕಲೇಬೇಕು ಅಂತಿತ್ತು. ಸಪ್ಪೆ ತ್ರೆಬ್ಬಿಯಾನೋ ಸುರಿದು ಸುರಿದು ವೈನನ್ನ ನೀರು ಮಾಡಿಟ್ಟರು. ಕಿಯಾಂತಿ ಕ್ಲಾಸಿಕೋದವರು 2006ರಲ್ಲಿ ಬಿಳಿಯನ್ನ ಹೊರಗೇ ಹಾಕಿದರು. ಅದು ಚಿಕೋರಿ, ಒಪ್ಪಿದೆ.

ಇಷ್ಟೆಲ್ಲ ಕೇಳಿದ ಮೇಲೆ ರಾಯರ ತಲೇಲಿ ಉಳಿತಾಯದ ಲೆಕ್ಕ. ‘ನಮ್ಮ ನಂದಿ ಬೆಟ್ಟದ ಕಡೆ ಎರಡೂ ಹಣ್ಣು ಬೆಳೀತಾರಲ್ಲ. ಕೆಂಪು ಒಂದು ಬಾಟಲಿ, ಬಿಳಿ ಒಂದು ಬಾಟಲಿ ತಂದು ಮನೇಲೇ ಬೆರೆಸಿದ್ರೆ?’

ಬರೀ ತೆಳುವಾಗುತ್ತೆ ಸ್ವಾಮಿ. ಕೋತ್ ರೋತಿಯಲ್ಲಿ ಎರಡೂ ಹಣ್ಣು ಒಂದೇ ತೊಟ್ಟಿಯಲ್ಲಿ, ಸಿಪ್ಪೆ ಸಮೇತ, ಒಟ್ಟಿಗೇ ಹುದುಗಬೇಕು. ಬೆರೆಸಲೇಬೇಕು ಅಂತ ಹಟ ಇದ್ದರೆ ಧಾರಾಳವಾಗಿ ಬೆರೆಸಿ. ನನ್ನ ಲೋಟಕ್ಕೆ ಮಾತ್ರ ಬೇಡ.